ಸಾಲುಮನೆಗಳಲ್ಲಿ ಉಳಿಸಬೇಕಾದುದು

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ರೈಲ್ವೆ ಕಂಪನಿಗಳು ತಮ್ಮ ಕೆಲಸಗಾರರಿಗೆಂದು ಕಟ್ಟಿಸಿದ ಸಾಲುಮನೆಗಳು, ಅಂದರೆ ಎರಡೂ ಪಕ್ಕದ ಗೋಡೆಗಳನ್ನು ನೆರೆಮನೆಗಳೊಡನೆ ಹಂಚಿಕೊಂಡು ಒಂದೇ ಸೂರಿನಡಿ ಬೀದಿಯುದ್ದಕ್ಕೂ ನಿಂತ ಸಣ್ಣ ಮಹಡಿಮನೆಗಳು, ಇಂದು ಆ ದೇಶದ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಕೋಟೆ, ಚರ್ಚು, ಶ್ರೀಮಂತರ ಬಂಗಲೆಗಳ ಜೊತೆಯಲ್ಲೇ ಸ್ಥಾನ ಪಡೆದಿವೆ. ಈ ಸ್ಥಾನ ಅವುಗಳಿಗೆ ಸುಲಭವಾಗಿ ಸಿಕ್ಕಿದ್ದಲ್ಲ; ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಅವನ್ನು ಕೊಳೆಗೇರಿಗಳೆಂದೇ ಎಣಿಸಿ, ರಸ್ತೆ ಅಗಲಿಸುವುದಕ್ಕೋ ಕಾರು ನಿಲ್ಲಿಸುವುದಕ್ಕೋ ಜಾಗ ಬೇಕಾದಾಗಲೆಲ್ಲ ಕೆಡವಲಾಗುತ್ತಿತ್ತು. ಆ ಮನೋಭಾವ ಬದಲಾದದ್ದು ಒಳ್ಳೆಯದೇ. ಆದರೆ ಬದಲಾವಣೆಗೆ ಸಾಮಾನ್ಯವಾಗಿ ಕೊಡಲಾಗುವ ಕಾರಣಗಳು, ಎಂದರೆ ಮನೆಗಳ ವಯಸ್ಸು, ಕಲ್ಲಿನ ಕೆಲಸದ ಅಂದ, ನಕ್ಷೆ ಬರೆದ ವಾಸ್ತುಶಿಲ್ಪಿಯ ಹೆಸರು, ಕಂಪನಿಯ ಉದಾರತೆ, ಇವು ಆ ಮನೆಗಳ ನಿಜವಾದ ಮಹತ್ವವನ್ನು ಮುಟ್ಟುವುದಿಲ್ಲ. ದುಡಿಯುವವನ ಕೂಲಿಗೂ ಅವನು ಕೊಡುವ ಬಾಡಿಗೆಗೂ ನಡುವೆ, ಅವನ ಮನೆಗೂ ಬೀದಿಯವರೆಲ್ಲ ಸೇರಿ ಕಟ್ಟಿಕೊಂಡ ಸಂಸ್ಥೆಗಳಿಗೂ ನಡುವೆ ಏರ್ಪಟ್ಟ ಸಂಬಂಧವೇ ಈ ಬಡಾವಣೆಗಳ ಜೀವಾಳವಾಗಿದ್ದು, ಆ ಸಂಬಂಧವನ್ನು ಬಿಟ್ಟು ಗೋಡೆಗಳನ್ನಷ್ಟೇ ಕಾಪಾಡುವ ಸಂರಕ್ಷಣೆ ಅರ್ಧ ಕೆಲಸ ಮಾಡಿ ನಿಲ್ಲುತ್ತದೆ ಎಂಬುದು ಈ ಲೇಖನದ ವಾದ.

ವಾದಕ್ಕೆ ಆಧಾರವಾಗಿ ತೆಗೆದುಕೊಳ್ಳಬಹುದಾದ ಅತ್ಯಂತ ಸಮೃದ್ಧ ನಿದರ್ಶನ ಇಂಗ್ಲೆಂಡಿನ ವಿಲ್ಟ್‌ಶೈರ್ ಪ್ರಾಂತ್ಯದ ಸ್ವಿಂಡನ್. ಲಂಡನ್ನಿನಿಂದ ಬ್ರಿಸ್ಟಲ್ ಬಂದರಿಗೆ ಹಳಿ ಹಾಕುತ್ತಿದ್ದ ಗ್ರೇಟ್ ವೆಸ್ಟರ್ನ್ ರೈಲ್ವೆ ಕಂಪನಿಗೆ ತನ್ನ ಇಂಜಿನ್‌ಗಳನ್ನು ರಿಪೇರಿ ಮಾಡಲು ದಾರಿಯ ನಡುವೆ ಒಂದು ಕಾರ್ಖಾನೆ ಬೇಕಾಗಿತ್ತು. ಕಂಪನಿಯ ಇಂಜಿನ್ ವಿಭಾಗದ ಮುಖ್ಯಸ್ಥನಾಗಿದ್ದ, ಆಗಿನ್ನೂ 24 ವರ್ಷದ ಡೇನಿಯಲ್ ಗೂಚ್, 1840ರ ಸೆಪ್ಟೆಂಬರಿನಲ್ಲಿ ಮುಖ್ಯ ಎಂಜಿನಿಯರ್ ಇಸಂಬಾರ್ಡ್ ಕಿಂಗ್‌ಡಮ್ ಬ್ರೂನೆಲ್‌ಗೆ ಪತ್ರ ಬರೆದು ಸ್ವಿಂಡನ್ನನ್ನು ಸೂಚಿಸಿದ. ಲಂಡನ್ನಿನಿಂದ ಅಲ್ಲಿಯವರೆಗೆ ಹಳಿ ಹೆಚ್ಚುಕಡಿಮೆ ಸಮತಟ್ಟಾಗಿದ್ದು ಅಲ್ಲಿಂದ ಮುಂದೆ ಇಳಿಜಾರುಗಳು ಆರಂಭವಾಗುವುದರಿಂದ ಇಂಜಿನ್ ಬದಲಿಸಲು ಅದು ತಕ್ಕ ಸ್ಥಳವಾಗಿತ್ತು. ಚೆಲ್ಟನ್‌ಹ್ಯಾಮ್ ಕಡೆಗೆ ಹೋಗುವ ಮಾರ್ಗವೂ ಅಲ್ಲಿಯೇ ಕವಲೊಡೆಯಬೇಕಿತ್ತು. ಕಲ್ಲಿದ್ದಲು ತರಲು ಒಂದು ಕಾಲುವೆಯೂ ಹತ್ತಿರದಲ್ಲಿತ್ತು. ಇಲ್ಲದಿದ್ದದ್ದು ಜನ ಮಾತ್ರ. ಗುಡ್ಡದ ಮೇಲಿನ ಹಳೆಯ ಸ್ವಿಂಡನ್, ಸುಮಾರು 2,500 ಜನವಸತಿಯ ಸಂತೆಯೂರು, ಹಳಿಯಿಂದ ಸುಮಾರು ಒಂದು ಮೈಲಿ ದೂರದಲ್ಲಿತ್ತು. ಕಾರ್ಖಾನೆಗೆ ಬೇಕಾದ ಫಿಟ್ಟರ್, ಕಮ್ಮಾರ, ಬಾಯ್ಲರ್ ಕೆಲಸಗಾರರನ್ನು ಉತ್ತರ ಇಂಗ್ಲೆಂಡ್, ಸ್ಕಾಟ್ಲೆಂಡ್ ಮುಂತಾದ ಕಡೆಗಳಿಂದ ಕರೆಸಿಕೊಳ್ಳಬೇಕಾಗಿತ್ತು. ಹೊಲಗಳ ನಡುವೆ ಬಂದಿಳಿಯುವ ಇಂಥ ನೂರಾರು ಕುಶಲ ಕೆಲಸಗಾರರನ್ನು ಮನೆಯಿಲ್ಲದೆ ಒಂದು ವಾರವೂ ಹಿಡಿದಿಡಲು ಆಗುತ್ತಿರಲಿಲ್ಲ. ಹಾಗಾಗಿ ಮನೆಗಳನ್ನು ಕಟ್ಟುವುದು ಕಂಪನಿಯ ದಾನಬುದ್ಧಿಗೆ ಬಿಟ್ಟ ವಿಷಯವಾಗಿರಲಿಲ್ಲ; ಕುಲುಮೆಯಷ್ಟೇ ಅನಿವಾರ್ಯವಾದ ಬಂಡವಾಳ ಹೂಡಿಕೆಯಾಗಿತ್ತು.

ಆ ಹೂಡಿಕೆಗೆ ಹಣ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಕೇಳಿದಾಗ ಸ್ವಿಂಡನ್ನಿನ ಕಥೆ ಇನ್ನಷ್ಟು ಅರ್ಥಪೂರ್ಣವಾಗುತ್ತದೆ. ಹಳಿ ಹಾಕುವ ವೆಚ್ಚ ಅಂದಾಜು ಮೀರಿ ಬೆಳೆದಿದ್ದರಿಂದ ಕಂಪನಿಯ ಬೊಕ್ಕಸ ಬರಿದಾಗಿತ್ತು. ಆದ್ದರಿಂದ ಅದು ರಿಗ್ಬಿ ಸಹೋದರರೆಂಬ ಗುತ್ತಿಗೆದಾರರೊಡನೆ ಒಂದು ವಿಚಿತ್ರ ಒಪ್ಪಂದ ಮಾಡಿಕೊಂಡಿತು: ಅವರು ತಮ್ಮ ಖರ್ಚಿನಲ್ಲಿ ನಿಲ್ದಾಣವನ್ನೂ ಕೆಲಸಗಾರರ ಮನೆಗಳನ್ನೂ ಕಟ್ಟಿಕೊಡಬೇಕು, ಪ್ರತಿಯಾಗಿ ನಿಲ್ದಾಣದ ಉಪಾಹಾರ ಗೃಹವನ್ನು 99 ವರ್ಷ ಹೆಸರಿಗಷ್ಟೇ ಬಾಡಿಗೆ ಕೊಟ್ಟು ನಡೆಸಿಕೊಳ್ಳಬಹುದು, ಅಲ್ಲಿಗೆ ಬರುವ ಸಾಮಾನ್ಯ ಪ್ರಯಾಣಿಕ ರೈಲುಗಳೆಲ್ಲ ಹತ್ತು ನಿಮಿಷ ನಿಂತೇ ತೀರಬೇಕು. ರೈಲಿನಲ್ಲಿ ಊಟದ ಡಬ್ಬಿಯಾಗಲಿ ಶೌಚಾಲಯವಾಗಲಿ ಇಲ್ಲದಿದ್ದ ಆ ಕಾಲದಲ್ಲಿ ಹಸಿದ ಪ್ರಯಾಣಿಕರ ಇಡೀ ರೈಲು ಒಮ್ಮೆಲೇ ಇಳಿದು ಆ ಕೋಣೆಗಳಿಗೆ ನುಗ್ಗುತ್ತಿದ್ದುದರಿಂದ ಗುತ್ತಿಗೆಯ ಬೆಲೆ ಏರುತ್ತಲೇ ಹೋಯಿತು. ಕಡೆಗೆ 1895ರಲ್ಲಿ ಆ ಹತ್ತು ನಿಮಿಷಗಳ ಕಟ್ಟುಪಾಡಿನಿಂದ ಬಿಡಿಸಿಕೊಳ್ಳಲು ಕಂಪನಿ 1,00,000 ಪೌಂಡ್ ತೆರಬೇಕಾಯಿತು. ದೂರದ ಪ್ರಯಾಣಿಕರು ಬ್ರೆಡ್ಡು ಕಾಫಿಗೆ ಕೊಟ್ಟ ಕಾಸು ಫಿಟ್ಟರನ ಮನೆಯ ಗೋಡೆಯಾಗಿ ನಿಂತಿತು ಎಂಬ ಈ ಸಂಗತಿಯನ್ನು ಕಟ್ಟಡಗಳ ಅಂದವನ್ನು ವರ್ಣಿಸುವವರು ಒಂದು ಸ್ವಾರಸ್ಯವೆಂದು ಹೇಳಿ ಮುಂದೆ ಹೋಗಿಬಿಡುತ್ತಾರೆ. ಆದರೆ ಮನೆ ಎಂಬುದು ಮೊದಲ ದಿನದಿಂದಲೇ ಹಲವು ಪಕ್ಷಗಳ ನಡುವಿನ ಲೆಕ್ಕಾಚಾರವಾಗಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಹೀಗೆ 1840ರ ದಶಕದ ಆರಂಭದಲ್ಲಿ ಶುರುವಾಗಿ ಹಲವು ಹಂತಗಳಲ್ಲಿ ಎದ್ದ ಸುಮಾರು 300 ಮನೆಗಳ ಬಡಾವಣೆಯೇ ಇಂದು ರೈಲ್ವೆ ವಿಲೇಜ್ ಎಂದು ಹೆಸರಾಗಿದೆ. ನಡುವಿನ ಚೌಕದ ಎರಡೂ ಬದಿಗೆ ಸಮಾನಾಂತರ ಬೀದಿಗಳಿದ್ದು, ಪಶ್ಚಿಮದ ಬೀದಿಗಳಿಗೆ ಬ್ರಿಸ್ಟಲ್, ಬಾತ್, ಎಕ್ಸೆಟರ್, ಟಾಂಟನ್ ಎಂದು ಹಳಿಯ ಪಶ್ಚಿಮ ಭಾಗದ ನಿಲ್ದಾಣಗಳ ಹೆಸರುಗಳೂ, ಪೂರ್ವದ ಬೀದಿಗಳಿಗೆ ಲಂಡನ್, ಆಕ್ಸ್‌ಫರ್ಡ್, ರೆಡಿಂಗ್, ಫಾರಿಂಗ್ಡನ್ ಎಂಬ ಹೆಸರುಗಳೂ ಬಂದವು. ಮನೆಯ ವಿಳಾಸ ಬರೆಯುವಾಗಲೂ ಕೆಲಸಗಾರ ಕಂಪನಿಯ ಭೂಪಟದಲ್ಲೇ ತನ್ನನ್ನು ಗುರುತಿಸಿಕೊಳ್ಳುವಂತಾಯಿತು. ಗೋಡೆಗಳಿಗೆ ಸ್ಥಳೀಯ ಸುಣ್ಣಕಲ್ಲು, ಕಿಟಕಿ ಬಾಗಿಲುಗಳ ಅಂಚಿಗೆ ಬಾತ್ ಪ್ರದೇಶದ ನಯವಾದ ಕಲ್ಲು. ಮುಂದೆ ಒಂದು ಕಿರಿದಾದ ತೋಟ, ಹಿಂದೆ ಬಟ್ಟೆ ಒಗೆಯುವ ಜಾಗ ಮತ್ತು ಕಕ್ಕಸು ಇರುವ ಹಿತ್ತಿಲು, ಹಿತ್ತಿಲ ಬಾಗಿಲು ತೆರೆದರೆ ಎರಡು ಸಾಲುಗಳ ನಡುವಿನ ಹಿಂದೋಣಿ. ಸಾಲಿನ ನಡುವಿನ ಮನೆಗಳು ಚಿಕ್ಕವು. ಮೂಲೆಗಳಲ್ಲಿ ಮತ್ತು ತುದಿಗಳಲ್ಲಿ ಫೋರ್‌ಮನ್ ಮುಂತಾದವರಿಗೆ ಮುಂಚಾಚಿನ ಚಾವಣಿಯ ದೊಡ್ಡ ಮನೆಗಳು. ಕಾರ್ಖಾನೆಯ ಒಳಗಿನ ಶ್ರೇಣಿಯನ್ನು ಬೀದಿಯ ಮೇಲೆ ಕಲ್ಲಿನಲ್ಲೇ ಬರೆದಂತಿದ್ದ ಈ ವಿನ್ಯಾಸದ ಚೆಲುವನ್ನು ಒಪ್ಪಿಕೊಳ್ಳುತ್ತಲೇ, ಅದರೊಳಗೆ ಬದುಕಿದವರ ಪಾಡನ್ನೂ ನೆನೆಯಬೇಕು. ಮನೆಗಳ ಸಂಖ್ಯೆ ಕೆಲಸಗಾರರ ಸಂಖ್ಯೆಯನ್ನು ಎಂದೂ ಸರಿಗಟ್ಟಲಿಲ್ಲ. ಎರಡು ಮೂರು ಕೋಣೆಗಳಲ್ಲಿ ಒಂದಕ್ಕಿಂತ ಹೆಚ್ಚು ಕುಟುಂಬಗಳು, ಅವುಗಳ ಜೊತೆಗೆ ಬಾಡಿಗೆಯ ಹೊರೆ ಹಂಚಿಕೊಳ್ಳಲು ಇಟ್ಟುಕೊಂಡ ಒಂಟಿ ಕೆಲಸಗಾರರು ತುಂಬಿಕೊಂಡರು. ಚರಂಡಿ ಮತ್ತು ಕುಡಿಯುವ ನೀರಿನ ವ್ಯವಸ್ಥೆ ಸರಿಯಿಲ್ಲದ ಕಾರಣ ಸಾಂಕ್ರಾಮಿಕ ಜ್ವರಗಳು ಆ ಚೆಲುವಾದ ಸಾಲುಗಳನ್ನು ಮತ್ತೆ ಮತ್ತೆ ಹೊಕ್ಕವು. ಅವಿವಾಹಿತರಿಗೆಂದು ಕಟ್ಟಿದ ದೊಡ್ಡ ವಸತಿಗೃಹವನ್ನು ಜನ ಬ್ಯಾರಕ್ಸ್ ಎಂದು ಕರೆದರು. ಅದರ ಕಟ್ಟುನಿಟ್ಟಿನ ನಿಯಮಗಳು ಯಾರಿಗೂ ಹಿಡಿಸದೆ ಅದು ಸೋತು, ಕೊನೆಗೆ 1869ರಲ್ಲಿ ಮೆಥಡಿಸ್ಟ್ ಪಂಥದ ಪ್ರಾರ್ಥನಾ ಮಂದಿರವಾಯಿತು.

ಮನೆಯ ಒಡೆಯನೂ ಕೆಲಸದ ಒಡೆಯನೂ ಒಬ್ಬನೇ ಆಗಿದ್ದಾಗ ಆಗುವ ಅಪಾಯ 1847ರಲ್ಲಿ ಬಯಲಾಯಿತು. ರೈಲ್ವೆ ಷೇರುಗಳ ಮೇಲಿನ ಹುಚ್ಚು ಇಳಿದು ವ್ಯಾಪಾರ ಕುಸಿದಾಗ ಕಂಪನಿ ಸ್ವಿಂಡನ್ನಿನಲ್ಲಿ ಬಹಳಷ್ಟು ಜನರನ್ನು ಕೆಲಸದಿಂದ ತೆಗೆಯಿತು, ಉಳಿದವರ ಕೆಲಸದ ಅವಧಿಯನ್ನು ಕಡಿತಗೊಳಿಸಿತು. ಕೂಲಿ ನಿಂತವನಿಗೆ ಬಾಡಿಗೆ ಕಟ್ಟಲಾಗದು, ಬಾಡಿಗೆ ಕಟ್ಟದವನಿಗೆ ಮನೆಯಿಲ್ಲ, ವೈದ್ಯನ ಶುಲ್ಕವಂತೂ ದೂರದ ಮಾತು. ಈ ಸಂಕಟದ ನಡುವೆಯೇ, ಅದೇ 1847ರಲ್ಲಿ, ಕಾರ್ಖಾನೆಯ ವ್ಯವಸ್ಥಾಪಕ ಆರ್ಚಿಬಾಲ್ಡ್ ಸ್ಟರಕ್‌ನ ಪ್ರಯತ್ನದಿಂದ ವೈದ್ಯನಿಗೆ ಕಂಪನಿ ಬಾಡಿಗೆಯಿಲ್ಲದ ಮನೆ ಕೊಡುವುದೆಂದೂ, ಕೆಲಸಗಾರರು ತಮ್ಮ ಕೂಲಿಯಿಂದ ಸಣ್ಣ ಮೊತ್ತವನ್ನು ಮುರಿಸಿಕೊಂಡು ಆತನನ್ನು ಸಾಕುವುದೆಂದೂ ಗೊತ್ತಾಗಿ, ಮೆಡಿಕಲ್ ಫಂಡ್ ಸೊಸೈಟಿ ಎಂಬ ವೈದ್ಯಕೀಯ ನಿಧಿ ಸ್ಥಾಪನೆಯಾಯಿತು. ಇದರ ಮುಂದಿನ ಬೆಳವಣಿಗೆಯನ್ನು ಗಮನಿಸಬೇಕು. ಒಬ್ಬ ವೈದ್ಯನಿಂದ ಆರಂಭವಾದ ಆ ನಿಧಿ 1870ರ ದಶಕದ ಆರಂಭಕ್ಕೆ ಬಡಾವಣೆಯೊಳಗೇ ಒಂದು ಸಣ್ಣ ಆಸ್ಪತ್ರೆಯನ್ನೂ, 1890ರ ದಶಕಕ್ಕೆ ಔಷಧಾಲಯ, ಈಜುಕೊಳ, ಹಬೆಸ್ನಾನದ ಕೋಣೆಗಳಿದ್ದ ದೊಡ್ಡ ಕಟ್ಟಡವೊಂದನ್ನೂ ಹೊಂದಿತು. ಕೆಲಸಗಾರನಷ್ಟೇ ಅಲ್ಲದೆ ಅವನ ಹೆಂಡತಿ ಮಕ್ಕಳೂ ಅದರ ಆರೈಕೆಗೆ ಹಕ್ಕುದಾರರಾಗಿದ್ದರು. 1948ರಲ್ಲಿ ಬ್ರಿಟನ್ನಿನ ಸರ್ಕಾರ ಇಡೀ ದೇಶಕ್ಕೆ ಉಚಿತ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ತಂದಾಗ ಸ್ವಿಂಡನ್ನಿನ ಕೆಲಸಗಾರರಿಗೆ ಅದು ಹೊಸ ಕಲ್ಪನೆಯಾಗಿರಲಿಲ್ಲ. ಒಂದು ಶತಮಾನದಿಂದ ತಾವೇ ನಡೆಸಿಕೊಂಡು ಬಂದ ವ್ಯವಸ್ಥೆಯನ್ನು ಅವರು ಸರ್ಕಾರಕ್ಕೆ ಒಪ್ಪಿಸಿದರು.

ಇದೇ ಬಗೆಯದು ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಷನ್ನಿನ ಕಥೆ. ಕುಶಲ ಕೆಲಸಗಾರರು ಸಂಜೆಯ ಹೊತ್ತು ಓದು, ಉಪನ್ಯಾಸ, ಸಂಗೀತಗಳಿಗೆ ಸೇರುವ ಇಂಥ ಸಂಸ್ಥೆಗಳು ಆ ಕಾಲದ ಬ್ರಿಟನ್ನಿನ ಬಹುತೇಕ ಕೈಗಾರಿಕಾ ಊರುಗಳಲ್ಲಿ ಹುಟ್ಟಿದ್ದವು. ಸ್ವಿಂಡನ್ನಿನದು ಕೆಲಸಗಾರರು ಪುಸ್ತಕ ಹಂಚಿಕೊಳ್ಳಲು 1840ರ ದಶಕದಲ್ಲಿ ಮಾಡಿಕೊಂಡ ಗ್ರಂಥಾಲಯದಿಂದ ಬೆಳೆದದ್ದು. ಸ್ವಂತ ಕಟ್ಟಡ ಬೇಕೆಂದಾಗ ಕಂಪನಿ ಜಾಗ ಕೊಟ್ಟಿತೇ ಹೊರತು ಕಟ್ಟುವ ಹಣ ಕೊಡಲಿಲ್ಲ. ಅದಕ್ಕಾಗಿ 1853ರಲ್ಲಿ ನ್ಯೂ ಸ್ವಿಂಡನ್ ಇಂಪ್ರೂವ್‌ಮೆಂಟ್ ಕಂಪನಿ ಎಂಬ ಪ್ರತ್ಯೇಕ ಸಂಸ್ಥೆಯನ್ನು ಸ್ಥಾಪಿಸಿ, ಷೇರುಗಳನ್ನು ಮಾರಿ, ಎಡ್ವರ್ಡ್ ರಾಬರ್ಟ್ಸ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ 1855ರಲ್ಲಿ ಬಡಾವಣೆಯ ನಟ್ಟನಡುವಿನ ಚೌಕದಲ್ಲಿ ಗ್ರಂಥಾಲಯ, ವಾಚನಾಲಯ, ರಂಗಮಂದಿರಗಳಿದ್ದ ಭವನವನ್ನು ತೆರೆದರು. ಅದಕ್ಕೆ ಒಂದು ಮಾರುಕಟ್ಟೆಯೂ ಹೊಂದಿಕೊಂಡಿತ್ತು. ಆ ಭವನ ಏಳುವ ಮೊದಲೇ, 1849ರಲ್ಲಿ, ಸಂಸ್ಥೆ ಸುಮಾರು 500 ಜನರನ್ನು ವಿಶೇಷ ರೈಲಿನಲ್ಲಿ ಆಕ್ಸ್‌ಫರ್ಡಿಗೆ ಕರೆದೊಯ್ದಿತ್ತು. ಟ್ರಿಪ್ ಎಂದು ಹೆಸರಾದ ಆ ವಾರ್ಷಿಕ ಪ್ರವಾಸ ಮುಂದೆ 20,000ಕ್ಕೂ ಹೆಚ್ಚು ಜನ ಏಕಕಾಲಕ್ಕೆ ಕಡಲತೀರಗಳಿಗೆ ಹೊರಡುವ, ಊರೇ ಖಾಲಿಯಾಗುವ ಹಬ್ಬವಾಯಿತು. ಪ್ರಯಾಣ ಉಚಿತ, ರಜೆಗೆ ಮಾತ್ರ ಬಹುಕಾಲ ಕೂಲಿಯಿರಲಿಲ್ಲ. ಕಂಪನಿಯ ಉದಾರತೆಯ ಅಳತೆ ಈ ಒಂದು ವಿವರದಲ್ಲಿ ಸರಿಯಾಗಿ ಸಿಗುತ್ತದೆ: ಹೇಗೂ ಓಡಬಲ್ಲ ರೈಲನ್ನು ಅದು ಸಂತೋಷವಾಗಿ ಕೊಟ್ಟಿತು, ಮನೆಗೆ ಮರಳಿದ ಮೇಲಿನ ಒಲೆಯ ಖರ್ಚನ್ನು ಕೆಲಸಗಾರನ ಉಳಿತಾಯಕ್ಕೇ ಬಿಟ್ಟಿತು.

ಕಂಪನಿಯ ಪಾತ್ರವನ್ನು ಇದರಿಂದ ಅಲ್ಲಗಳೆದಂತಾಗುವುದಿಲ್ಲ. ಜಾಗ ಅದರದು, ವೈದ್ಯನ ಮನೆ ಅದರದು, 1845ರಲ್ಲಿ ಪ್ರಖ್ಯಾತ ವಾಸ್ತುಶಿಲ್ಪಿ ಜಾರ್ಜ್ ಗಿಲ್ಬರ್ಟ್ ಸ್ಕಾಟ್‌ನ ವಿನ್ಯಾಸದಲ್ಲಿ ಎದ್ದ ಸೇಂಟ್ ಮಾರ್ಕ್ಸ್ ಚರ್ಚಿನ ಹಿಂದೆಯೂ ಅದರ ನಿರ್ದೇಶಕರ ಒತ್ತಾಸೆಯಿತ್ತು. ಇಂಗ್ಲೆಂಡಿನ ಹತ್ತಿಗಿರಣಿ ಊರುಗಳಲ್ಲಿ ಖಾಸಗಿ ಗುತ್ತಿಗೆದಾರರು ಬೆನ್ನಿಗೆ ಬೆನ್ನು ತಾಗಿಸಿ ಕಟ್ಟಿದ, ಹಿಂಬಾಗಿಲೂ ಇಲ್ಲದ ಇಟ್ಟಿಗೆ ಮನೆಗಳೊಡನೆ ಹೋಲಿಸಿದರೆ ಸ್ವಿಂಡನ್ನಿನ ಮನೆ ನಿಸ್ಸಂದೇಹವಾಗಿ ಮೇಲು. ಆದರೂ ಇತಿಹಾಸದ ಪುಸ್ತಕಗಳಲ್ಲಿ ಇಂಥ ಊರುಗಳನ್ನು ದಯಾಳು ಒಡೆಯರ ಕೊಡುಗೆಯೆಂದು ಬಣ್ಣಿಸುವ ರೂಢಿಯನ್ನು ಒಪ್ಪುವುದು ಕಷ್ಟ. ಗೋಡೆ ಕೊಟ್ಟವನು ಒಡೆಯ. ಆ ಗೋಡೆಗಳ ನಡುವೆ ಬಾಳಬಹುದಾದ ಊರನ್ನು ಕೊಟ್ಟವರು ವಾರವಾರ ಕೂಲಿಯಿಂದ ಕಾಸು ಮುರಿಸಿಕೊಂಡ ಜನ. ಈ ಎರಡನೆಯ ಕೊಡುಗೆಗೆ ಕಲ್ಲಿನ ಫಲಕ ಹಾಕುವುದು ಸುಲಭವಲ್ಲವಾದ್ದರಿಂದ ಅದು ಮರೆಯಾಗಿದೆ.

ಕಾರ್ಖಾನೆಯ ಒಳಗಿನ ಬದುಕಿನ ಬಗ್ಗೆ ಸ್ವತಃ ಕೆಲಸಗಾರನೊಬ್ಬ ಬರೆದ ಸಾಕ್ಷ್ಯವೂ ಸ್ವಿಂಡನ್ನಿಗಿದೆ, ಅದಕ್ಕೆ ಭಾರತದ ನಂಟೂ ಇದೆ. ಹತ್ತಿರದ ಸೌತ್ ಮಾರ್ಸ್‌ಟನ್ ಹಳ್ಳಿಯವನಾದ ಆಲ್ಫ್ರೆಡ್ ವಿಲಿಯಮ್ಸ್ ಎರಡು ದಶಕಗಳಿಗೂ ಹೆಚ್ಚು ಕಾಲ ಆ ಕಾರ್ಖಾನೆಯಲ್ಲಿ ಹಬೆಸುತ್ತಿಗೆಯ ಕೆಲಸ ಮಾಡಿ, ಆರೋಗ್ಯ ಕೆಟ್ಟು 1914ರಲ್ಲಿ ಹೊರಬಂದ ಮೇಲೆ, 1915ರಲ್ಲಿ, ರೈಲ್ವೆ ಕಾರ್ಖಾನೆಯ ಜೀವನವನ್ನು ಕುರಿತ ನಿಷ್ಠುರವಾದ ಪುಸ್ತಕವೊಂದನ್ನು ಪ್ರಕಟಿಸಿದ. ಲ್ಯಾಟಿನ್, ಗ್ರೀಕ್ ಭಾಷೆಗಳನ್ನು ತಾನಾಗಿ ಕಲಿತಿದ್ದ ಆತ ಮೊದಲ ಮಹಾಯುದ್ಧದ ಕಾಲದಲ್ಲಿ ಸೈನಿಕನಾಗಿ ಭಾರತಕ್ಕೆ ಬಂದು, ಹಿಂದಿರುಗಿದ ಮೇಲೆ ಸಂಸ್ಕೃತ ಕಲಿತು ಪಂಚತಂತ್ರದ ಕಥೆಗಳನ್ನು ಇಂಗ್ಲಿಷಿಗೆ ತಂದ. ಆ ಪುಸ್ತಕ ಹೊರಬಂದ 1930ರಲ್ಲೇ ತೀರಿಕೊಂಡ. ಆತ ರೈಲ್ವೆ ವಿಲೇಜಿನ ನಿವಾಸಿಯಾಗಿರಲಿಲ್ಲ ಎಂಬುದನ್ನು ಮರೆಯಬಾರದು. ದಿನವೂ ಹಳ್ಳಿಯಿಂದ ಬಂದು ಹೋಗುತ್ತಿದ್ದವನು. ಆದರೂ ಕೆಲಸದಲ್ಲಿದ್ದಷ್ಟು ಕಾಲ ಕಾರ್ಖಾನೆಯನ್ನು ಕುರಿತ ಆ ಪುಸ್ತಕವನ್ನು ಆತ ಹೊರತರಲಿಲ್ಲವೆಂದರೆ, ಅನ್ನದ ಜೊತೆ ಸೂರೂ ಕಂಪನಿಯದೇ ಆಗಿದ್ದವರ ನಾಲಿಗೆ ಎಷ್ಟು ಬಿಗಿಯಾಗಿದ್ದಿರಬೇಕೆಂದು ಊಹಿಸಬಹುದು. ಕಂಪನಿ ಬಡಾವಣೆಗಳ ಬಗ್ಗೆ ಹಳಹಳಿಕೆಯಿಂದ ಬರೆಯುವವರು ಈ ಮೌನವನ್ನೂ ಪರಂಪರೆಯ ಭಾಗವೆಂದು ಎಣಿಸಬೇಕು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಬೆ ಇಂಜಿನ್‌ಗಳು ಮಾಯವಾಗಿ ಕಾರ್ಖಾನೆಗಳು ಕುಗ್ಗಿದಾಗ, ಕೆಲಸಗಾರರ ಸಾಲುಮನೆಗಳಿಗೆ ಊರಿಂದೂರಿಗೆ ಬೇರೆ ಬೇರೆ ಗತಿ ಒದಗಿತು. ವುಲ್ವರ್ಟನ್ನಿನದು ಅತ್ಯಂತ ದುಃಖದ ಕಥೆ. ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್ ನಡುವಿನ ಹಳಿ 1838ರಲ್ಲಿ ಪೂರ್ಣಗೊಂಡಾಗ ಎರಡೂ ನಗರಗಳ ಮಧ್ಯದಲ್ಲಿ ಹುಟ್ಟಿದ, ಸ್ವಿಂಡನ್ನಿಗಿಂತಲೂ ಹಿರಿಯದಾದ ಆ ರೈಲ್ವೆ ಊರಿನಲ್ಲಿ ನಿರ್ದೇಶಕರ ಮತ್ತು ಅಧಿಕಾರಿಗಳ ಹೆಸರಿಟ್ಟಿದ್ದ ಮೊದಲ ಬೀದಿಗಳಲ್ಲಿ ಕೆಲವನ್ನು ಕಾರ್ಖಾನೆ ಹಿಗ್ಗುತ್ತ ಹೋದಂತೆ ಕಂಪನಿಯೇ ನುಂಗಿತು. ಉಳಿದವುಗಳಲ್ಲಿ ಹೆಚ್ಚಿನವು 1960ರ ದಶಕದಲ್ಲಿ ನೆಲಸಮವಾದವು. ಪಕ್ಕದ ನ್ಯೂ ಬ್ರಾಡ್‌ವೆಲ್‌ನಲ್ಲಿ ಅದೇ ಕಾರ್ಖಾನೆಯ ಕೆಲಸಗಾರರಿಗೆ ಕಟ್ಟಿದ್ದ ಸಾಲುಗಳ ಪೈಕಿ ಸ್ಪೆನ್ಸರ್ ಸ್ಟ್ರೀಟ್ ಎಂಬ ಒಂದೇ ಬೀದಿ ನಿವಾಸಿಗಳ ಹೋರಾಟದಿಂದ ಉಳಿಯಿತು.

ಡರ್ಬಿ ನಗರದ ದಾರಿ ಬೇರೆ. ನಾರ್ತ್ ಮಿಡ್‌ಲೆಂಡ್ ರೈಲ್ವೆ ಕಂಪನಿ ತನ್ನ ನಿಲ್ದಾಣದ ಎದುರಿಗೇ 1840ರ ದಶಕದ ಆರಂಭದಲ್ಲಿ ಫ್ರಾನ್ಸಿಸ್ ಥಾಂಪ್ಸನ್‌ನ ನಕ್ಷೆಯಂತೆ ತ್ರಿಕೋನಾಕಾರದ ಜಾಗದಲ್ಲಿ ಇಟ್ಟಿಗೆಯ ಸಾಲುಮನೆಗಳನ್ನೂ ಅವುಗಳ ಮೂಲೆಯಲ್ಲಿ ಒಂದು ಪಾನಗೃಹವನ್ನೂ ಕಟ್ಟಿಸಿತ್ತು. 1970ರ ದಶಕದ ಹೊತ್ತಿಗೆ ಪಾಳುಬಿದ್ದು ಕೆಡವಲು ಗುರುತಾಗಿದ್ದ ಅವನ್ನು ಡರ್ಬಿಶೈರ್ ಹಿಸ್ಟಾರಿಕ್ ಬಿಲ್ಡಿಂಗ್ಸ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆ ಕೊಂಡು, ದುರಸ್ತಿ ಮಾಡಿ, ಒಂದೊಂದಾಗಿ ಮಾರಿತು. ಮಾರಿಬಂದ ಹಣದಿಂದ ಮುಂದಿನ ಕಟ್ಟಡವನ್ನು ಉಳಿಸುವ ಆವರ್ತ ನಿಧಿ ಎಂಬ ಪದ್ಧತಿ ಅದು. ಪದ್ಧತಿ ಜಾಣತನದ್ದು; ಸರ್ಕಾರದ ಅನುದಾನಕ್ಕೆ ಕಾಯದೆ, ಒಂದು ಸಣ್ಣ ಮೂಲಧನವನ್ನು ಮತ್ತೆ ಮತ್ತೆ ಬಳಸಿ, ಇನ್ನು ಯಾರೂ ಮುಟ್ಟದ ಮನೆಗಳಿಗೆ ಅದು ಜೀವ ಕೊಟ್ಟಿತು. ಆದರೆ ಮುಕ್ತ ಮಾರುಕಟ್ಟೆಯಲ್ಲಿ ಮಾರಾಟವಾದ ಮನೆ, ನಿಲ್ದಾಣದ ಹತ್ತಿರವಿದೆ, ಚೆನ್ನಾಗಿದೆ, ಸಂರಕ್ಷಿತ ಪಟ್ಟಿಯಲ್ಲಿದೆ ಎಂಬ ಕಾರಣಗಳಿಗಾಗಿಯೇ ದುಬಾರಿಯಾಗುತ್ತ ಹೋಗುವುದು ಸಹಜ. ದಿನಗೂಲಿಯ ಕೆಲಸಗಾರನಿಗೆಂದು ಕಟ್ಟಿದ ಮನೆ, ಅದರ ಇತಿಹಾಸವನ್ನು ಗೌರವಿಸಿದ ಕಾರಣಕ್ಕಾಗಿಯೇ, ಅವನ ಮೊಮ್ಮಕ್ಕಳ ಕೈಗೆಟುಕದಂತಾಗುವ ಸಾಧ್ಯತೆಯನ್ನು ಆ ಪದ್ಧತಿ ತಡೆಯಲಾರದು.

ಸ್ವಿಂಡನ್ನಿನಲ್ಲಿ ನಡೆದದ್ದು ಇವೆರಡಕ್ಕಿಂತ ಭಿನ್ನ. ರೈಲ್ವೆಗಳು 1948ರಲ್ಲಿ ರಾಷ್ಟ್ರೀಕರಣಗೊಂಡಾಗ ಮನೆಗಳೂ ಬ್ರಿಟಿಷ್ ರೈಲ್ವೇಸ್‌ನ ಆಸ್ತಿಯಾದವು. ನಿರ್ವಹಣೆ ಹೊರೆಯಾಯಿತೆಂದಾಗ ಸ್ವಿಂಡನ್ನಿನ ನಗರಸಭೆ 1966ರಲ್ಲಿ ಅವನ್ನು ಕೊಂಡು, ಒಳಗೆ ಸ್ನಾನದ ಮನೆ, ಸರಿಯಾದ ಅಡುಗೆಮನೆಗಳನ್ನು ಸೇರಿಸಿ, ಮುಖದ ಕಲ್ಲನ್ನು ಶುಚಿಗೊಳಿಸಿ, ಬಾಡಿಗೆಗೆ ಕೊಟ್ಟಿತು. ಹೆಚ್ಚಿನವು ಇಂದಿಗೂ ನಗರಸಭೆಯ ಬಾಡಿಗೆಮನೆಗಳೇ. 1986ರಲ್ಲಿ ಕಾರ್ಖಾನೆ ಮುಚ್ಚಿತು. ಒಂದು ಕಾಲಕ್ಕೆ 14,000ದಷ್ಟು ಜನ ದುಡಿಯುತ್ತಿದ್ದ ಆ ಆವರಣದಲ್ಲಿ ಈಗ ಮಳಿಗೆಗಳು, ರೈಲ್ವೆ ವಸ್ತುಸಂಗ್ರಹಾಲಯ, ನ್ಯಾಷನಲ್ ಟ್ರಸ್ಟ್‌ನ ಕೇಂದ್ರ ಕಚೇರಿಗಳಿವೆ. ಆದರೆ ಹಳಿಯ ಈಚೆಗಿನ ಸಾಲುಗಳಲ್ಲಿ ಸಾಧಾರಣ ಆದಾಯದ ಜನ ನಿಯಮಿತ ಬಾಡಿಗೆ ಕೊಟ್ಟು ಬದುಕುತ್ತಿದ್ದಾರೆ. ವಾಸ್ತುಶಿಲ್ಪದ ದೃಷ್ಟಿಯಿಂದ ನೋಡುವವರಿಗೆ ಅಲ್ಲಿನ ಹಿತ್ತಿಲುಗಳ ಹೊಸ ಕಟ್ಟುಗಳು, ಬಾಗಿಲಲ್ಲಿ ನಿಂತ ಕಸದ ಡಬ್ಬಿಗಳು ಕಣ್ಣಿಗೆ ಚುಚ್ಚಬಹುದು. ಈ ವಾದದ ದೃಷ್ಟಿಯಿಂದ ಅವೇ ಆ ಬಡಾವಣೆಯ ಅತ್ಯಂತ ಪ್ರಾಮಾಣಿಕ ಭಾಗ. ಮನೆ ಯಾರಿಗಾಗಿ ಹುಟ್ಟಿತೋ ಅಂಥವರೇ ಅದರಲ್ಲಿದ್ದಾರೆ, ಒಡೆಯನೊಬ್ಬ ಮಾತ್ರ ಬದಲಾಗಿದ್ದಾನೆ. ಮೇಲಾಗಿ ಈಗಿನ ಒಡೆಯನನ್ನು ಬಾಡಿಗೆದಾರರು ಮತ ಹಾಕಿ ಇಳಿಸಬಹುದು, ಕೆಲಸ ಹೋದರೆ ಅದರ ಜೊತೆಗೆ ಸೂರು ಹೋಗುವುದಿಲ್ಲ. ಹಳೆಯ ಸಂಬಂಧದಲ್ಲಿದ್ದ ದಬ್ಬಾಳಿಕೆಯನ್ನು ಕಳೆದು ಅದರ ಒಳಿತನ್ನು ಉಳಿಸಿಕೊಂಡ ಅಪರೂಪದ ಉದಾಹರಣೆಯಿದು.

ಇದಕ್ಕೆ ಬರಬಹುದಾದ ಆಕ್ಷೇಪವೂ ಹಗುರವಾದುದಲ್ಲ. ಕಾರ್ಖಾನೆಯೇ ಇಲ್ಲವಾದ ಮೇಲೆ ಕೂಲಿಗೂ ಬಾಡಿಗೆಗೂ ಇದ್ದ ಸಂಬಂಧ ಸತ್ತುಹೋಗಿದೆ. ಉಳಿಸಲು ಸಾಧ್ಯವಿರುವುದು ಕಲ್ಲು ಮಾತ್ರ. ಸಂರಕ್ಷಣೆಯ ಕಾನೂನು ಕಟ್ಟಡವನ್ನು ಕಾಯಬಲ್ಲದೇ ಹೊರತು ಅದರಲ್ಲಿ ಯಾರಿರಬೇಕೆಂದು ವಿಧಿಸುವುದು ಅದರ ಕೆಲಸವಲ್ಲ. ಡರ್ಬಿಯ ಟ್ರಸ್ಟ್ ಬಾಡಿಗೆಯ ಬಗ್ಗೆ ಯೋಚಿಸುತ್ತ ಕುಳಿತಿದ್ದರೆ ಮನೆಗಳೇ ಉಳಿಯುತ್ತಿರಲಿಲ್ಲ ಎಂದು ಹೇಳಬಹುದು. ಕಡೆಯ ಮಾತು ನಿಜ, ಮತ್ತು ಆ ಟ್ರಸ್ಟಿನ ಋಣ ದೊಡ್ಡದು. ಆದರೆ ಉಳಿದ ಮಾತುಗಳು ಸ್ವಿಂಡನ್ನಿನ ಅನುಭವದ ಎದುರು ನಿಲ್ಲುವುದಿಲ್ಲ. ಅಲ್ಲಿ ಕಟ್ಟಡವನ್ನು ಕಾಯ್ದದ್ದು ಪಟ್ಟಿಯಷ್ಟೇ ಅಲ್ಲ, ಒಡೆತನವೂ ಹೌದು. ಒಡೆತನ ಸಾರ್ವಜನಿಕವಾಗಿದ್ದುದರಿಂದ ಮನೆಗಳು ಒಟ್ಟಿಗೆ ದುರಸ್ತಿಯಾದವು, ಒಂದು ಸಾಲು ಒಂದೇ ಸಾಲಾಗಿ ಉಳಿಯಿತು. ಸಾಲುಮನೆಯ ಸ್ವರೂಪವೇ ಅಂಥದು: ಕನ್ನಡನಾಡಿನ ವಠಾರದಲ್ಲಿ ಒಂದು ಮನೆಯ ಸೋರಿಕೆ ಪಕ್ಕದ ಮನೆಯ ಗೋಡೆಯನ್ನು ತೋಯಿಸುವಂತೆ, ಇಲ್ಲಿಯೂ ಒಬ್ಬ ಮಾಲೀಕನ ಅಲಕ್ಷ್ಯ ಇಡೀ ಬೀದಿಯನ್ನು ಕಾಡುತ್ತದೆ. ಹಂಚಿಕೊಂಡ ಗೋಡೆಯ ಮನೆಗೆ ಹಂಚಿಕೊಂಡ ಒಡೆತನವೇ ತಕ್ಕ ರಕ್ಷಣೆ ಎಂಬುದು ಭಾವುಕತೆಯ ಮಾತಲ್ಲ, ಕಟ್ಟಡ ನಿರ್ವಹಣೆಯ ವ್ಯಾವಹಾರಿಕ ಮಾತು.

ಸ್ವಿಂಡನ್ ಕೂಡ ಅರ್ಧದಲ್ಲಿ ಎಡವಿದ್ದು ಇದೇ ಕಾರಣಕ್ಕೆ. ಮನೆಗಳನ್ನು ನಗರಸಭೆ ಉಳಿಸಿಕೊಂಡಿತು. ಅವುಗಳ ನಡುವಿನ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಷನ್ ಭವನ ಕಾರ್ಖಾನೆಯ ಜೊತೆಗೇ 1986ರಲ್ಲಿ ಮುಚ್ಚಿ, ಖಾಸಗಿ ಕೈಗಳಿಗೆ ಹೋಗಿ, ಮನೆಗಳಿಗಿಂತ ಮೇಲಿನ ದರ್ಜೆಯಲ್ಲಿ ಸಂರಕ್ಷಿತ ಪಟ್ಟಿಗೆ ಸೇರಿದ್ದರೂ ದಶಕಗಳ ಕಾಲ ಚಾವಣಿ ಕುಸಿಯುತ್ತ ಪಾಳುಬಿದ್ದಿತು. ಕೆಲಸಗಾರರು ಷೇರು ಕೊಂಡು ಕಟ್ಟಿದ, ಒಂದು ಊರಿನ ಓದಿಗೂ ನಾಟಕಕ್ಕೂ ಪ್ರವಾಸಕ್ಕೂ ನೆಲೆಯಾಗಿದ್ದ ಕಟ್ಟಡಕ್ಕೆ ಯಾರೂ ದಿನನಿತ್ಯದ ಬಳಕೆಯನ್ನು ಹುಡುಕಲಿಲ್ಲ. ಪಟ್ಟಿಯಲ್ಲಿನ ಮೇಲ್ದರ್ಜೆ ಅದನ್ನು ಕಾಯಲಿಲ್ಲ. ಕೆಳದರ್ಜೆಯ ಸಾಧಾರಣ ಮನೆಗಳನ್ನು ಅವುಗಳ ಬಳಕೆಯೇ ಕಾಯಿತು. ಫಾರಿಂಗ್ಡನ್ ರಸ್ತೆಯ 34ನೆಯ ಮನೆಯನ್ನು ಶತಮಾನದ ಹಿಂದಿನ ಒಲೆ, ದೀಪ, ಪೀಠೋಪಕರಣಗಳೊಡನೆ ವಸ್ತುಸಂಗ್ರಹಾಲಯವಾಗಿ ಇರಿಸಿರುವುದು ಶಾಲಾ ಮಕ್ಕಳಿಗೆ ಉಪಯುಕ್ತವಾದರೂ, ಒಪ್ಪವಾಗಿ ಜೋಡಿಸಿದ ಒಂದೇ ಸಂಸಾರದ ಆ ಕೋಣೆಗಳು ಮೂರು ಸಂಸಾರಗಳ ಇಕ್ಕಟ್ಟನ್ನಾಗಲಿ, ಸಂಬಳದ ಚೀಟಿಯಲ್ಲಿ ಮುರಿದುಕೊಂಡ ನಿಧಿಯ ಕಾಸನ್ನಾಗಲಿ ತೋರಿಸಲಾರವು.

ಈ ಪ್ರಶ್ನೆ ಕರ್ನಾಟಕಕ್ಕೆ ಹೊರಗಿನದಲ್ಲ. ಲಂಡನ್ನಿನಲ್ಲಿ 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಅದೇ ದಶಕದಲ್ಲಿ ಹುಬ್ಬಳ್ಳಿಯಲ್ಲಿ ವರ್ಕ್‌ಶಾಪ್ ತೆರೆದಾಗ, ಕಾರ್ಖಾನೆಯ ಮಗ್ಗುಲಲ್ಲಿ ಕಂಪನಿಯೇ ಮನೆ ಕಟ್ಟಿಕೊಡುವ ಇಂಗ್ಲೆಂಡಿನ ಪದ್ಧತಿಯೂ ಜೊತೆಗೆ ಬಂದಿತು. ಆದರೆ ವಸಾಹತು ಆಡಳಿತದಲ್ಲಿ ಆ ಪದ್ಧತಿ ಇನ್ನಷ್ಟು ಕಠಿಣವಾಯಿತು. ಸ್ವಿಂಡನ್ನಿನ ಸಾಲಿನ ಮೂಲೆಮನೆಗೂ ನಡುಮನೆಗೂ ಇದ್ದ ಅಂತರ ಭಾರತದ ರೈಲ್ವೆ ಕಾಲನಿಗಳಲ್ಲಿ ವಿಶಾಲ ಕಾಂಪೌಂಡಿನ ಐರೋಪ್ಯ ಬಂಗಲೆಗೂ ಖಲಾಸಿಯ ಒಂಟಿಕೋಣೆಯ ಕ್ವಾರ್ಟರ್ಸಿಗೂ ನಡುವಿನ ಜನಾಂಗಭೇದವಾಗಿ ಬೆಳೆಯಿತು, ಓದಿಗೂ ಆಟಕ್ಕೂ ಇದ್ದ ರೈಲ್ವೆ ಇನ್‌ಸ್ಟಿಟ್ಯೂಟುಗಳು ಕೂಡ ಅನೇಕ ಕಡೆ ಬಣ್ಣದ ಆಧಾರದಲ್ಲಿ ಇಬ್ಭಾಗವಾದವು. ಸ್ವಾತಂತ್ರ್ಯಾನಂತರ ಭೇದ ಹೋಯಿತು, ದರ್ಜೆ ಉಳಿಯಿತು. ಕ್ವಾರ್ಟರ್ಸಿನಲ್ಲಿರುವ ನೌಕರ ಇಂದಿಗೂ ಮನೆ ಬಾಡಿಗೆ ಭತ್ಯೆಯನ್ನು ಬಿಟ್ಟುಕೊಟ್ಟು, ನಿವೃತ್ತಿಯಾದ ಕೆಲವು ತಿಂಗಳಲ್ಲಿ ಮನೆ ತೆರವು ಮಾಡಬೇಕು. ನಗರಗಳು ಬೆಳೆದು ಈ ಕಾಲನಿಗಳ ನೆಲಕ್ಕೆ ಬೆಲೆ ಬಂದಿರುವುದರಿಂದ, ಹಳೆಯ ಸಾಲುಗಳನ್ನು ಕೆಡವಿ ಸ್ವಲ್ಪ ಭಾಗದಲ್ಲಿ ಬಹುಮಹಡಿ ಕ್ವಾರ್ಟರ್ಸ್ ಕಟ್ಟಿ ಉಳಿದ ನೆಲವನ್ನು ವಾಣಿಜ್ಯಕ್ಕೆ ಗುತ್ತಿಗೆ ಕೊಡುವ ಯೋಜನೆಗಳು ದೇಶದ ಹಲವೆಡೆ ನಡೆಯುತ್ತಿವೆ. ನೌಕರರಿಗೆ ಗಾಳಿ ಬೆಳಕಿನ ಒಳ್ಳೆಯ ಮನೆ ಸಿಗುವುದನ್ನು ಪರಂಪರೆಯ ಹೆಸರಿನಲ್ಲಿ ತಡೆಯುವುದು ತಪ್ಪಾಗುತ್ತದೆ. ಸ್ವಿಂಡನ್ನಿನಲ್ಲಿಯೂ ಸ್ನಾನದ ಮನೆ ಸೇರಿಸಿದ್ದರಿಂದಲೇ ಸಾಲುಗಳು ಉಳಿದವು. ತೂಗಿನೋಡಬೇಕಾದದ್ದು, ಕೆಡವುವ ಮೊದಲು ದುರಸ್ತಿಯ ಲೆಕ್ಕವನ್ನು ಯಾರಾದರೂ ಪ್ರಾಮಾಣಿಕವಾಗಿ ಹಾಕಿದ್ದಾರೆಯೇ, ಗುತ್ತಿಗೆಗೆ ಹೋಗುವ ನೆಲದಲ್ಲಿ ನೌಕರರ ಆಟದ ಬಯಲು, ಇನ್‌ಸ್ಟಿಟ್ಯೂಟುಗಳ ಪಾಲು ಎಷ್ಟು ಎಂಬುದನ್ನು.

ಹುಬ್ಬಳ್ಳಿಯಲ್ಲಿ 2020ರಲ್ಲಿ ತೆರೆದ ರೈಲ್ವೆ ವಸ್ತುಸಂಗ್ರಹಾಲಯವನ್ನು ಮಲಪ್ರಭಾ, ಘಟಪ್ರಭಾ ಎಂದು ಹೆಸರಿಟ್ಟ ಎರಡು ಹಳೆಯ ರೈಲ್ವೆ ಮನೆಗಳಲ್ಲಿ ನೆಲೆಗೊಳಿಸಿದ್ದು ಸರಿಯಾದ ಆಲೋಚನೆ. ಹಳೆಯ ಮನೆ ಖಾಲಿ ಬಿದ್ದು ಕುಸಿಯುವ ಬದಲು ಜನ ಒಳಹೊಕ್ಕು ನೋಡುವಂತಾಯಿತು. ಅದರ ಮುಂದಿನ ಹೆಜ್ಜೆಯಾಗಿ, ದರ್ಜೆಯ ಏಣಿಯ ಕೆಳಮೆಟ್ಟಿಲಿನ ಖಲಾಸಿ ಕ್ವಾರ್ಟರ್ಸಿನ ಒಂದು ಪೂರ್ತಿ ಸಾಲನ್ನು ಗುರುತಿಸಿ, ದುರಸ್ತಿ ಮಾಡಿ, ಅದರಲ್ಲಿ ಈಗಲೂ ಸೇವೆಯಲ್ಲಿರುವ ನೌಕರರ ಕುಟುಂಬಗಳನ್ನೇ ಇರಿಸಿಕೊಂಡು ಕಾಪಾಡುವುದು ಸಾಧ್ಯ. ಅದರೊಡನೆ ಮನೆ ಹಂಚಿಕೆಯ ರಿಜಿಸ್ಟರುಗಳನ್ನೂ, ಇನ್‌ಸ್ಟಿಟ್ಯೂಟಿನ ಸದಸ್ಯತ್ವದ ಪುಸ್ತಕಗಳನ್ನೂ, ನೌಕರರ ಸಹಕಾರ ಸಂಘಗಳ ಕಡತಗಳನ್ನೂ ಗೆದ್ದಲಿನಿಂದ ಬಿಡಿಸಿ ವರ್ಕ್‌ಶಾಪಿನ ಇತಿಹಾಸದ ಜೊತೆಗೆ ಇಡಬೇಕು. ಹಬೆ ಇಂಜಿನ್ನಿನ ಕಾಲದಲ್ಲಿ ಆ ಸಾಲುಗಳಲ್ಲಿ ಹುಟ್ಟಿ ಬೆಳೆದವರು ಇನ್ನೂ ಹುಬ್ಬಳ್ಳಿಯ ಬಡಾವಣೆಗಳಲ್ಲಿದ್ದಾರೆ. ಯಾವ ಮನೆಯಲ್ಲಿ ಎಷ್ಟು ಜನ ಮಲಗುತ್ತಿದ್ದರು, ನೀರು ಯಾವ ಹೊತ್ತಿಗೆ ಬರುತ್ತಿತ್ತು, ಮುಷ್ಕರದ ದಿನಗಳಲ್ಲಿ ಯಾರ ಒಲೆಯಿಂದ ಯಾರಿಗೆ ಅನ್ನ ಹೋಯಿತು ಎಂಬುದನ್ನು ಹೇಳಬಲ್ಲವರು ಅವರು, ಮತ್ತು ಅವರಿಂದ ಅದನ್ನು ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ಯಾವ ಗುತ್ತಿಗೆಯೂ ಅನುದಾನವೂ ಬೇಕಾಗಿಲ್ಲ.